ಮೈಯಲ್ಲಿ ನಿಲ್ಲದ ಔಷಧ

ಕುಷ್ಟಗಿ
14-7-1998

ಅಕ್ಕನಿಗೆ ಗೋವಿಂದರಾಜನ ನಮಸ್ಕಾರ.

ನೀನು ಕಳಿಸಿದ ಔಷಧ ಮುಟ್ಟಿತು. ಹೈದರಾಬಾದಿನ ಬಸ್ಸು ಗಂಗಾವತಿಗೆ ಬೆಳಕು ಹರಿಯುವ ಹೊತ್ತಿಗೆ ಬಂತಂತೆ. ಯಮನೂರಸಾಬ ಕಾಕಾ ಹಿಂದಿನ ಸಂಜೆಯೇ ಅಲ್ಲಿಗೆ ಹೋಗಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಮಲಗಿದ್ದರು. ಡ್ರೈವರ್ ಸೀಟಿನ ಹಿಂದಿನಿಂದ ಥರ್ಮಾಸು ತೆಗೆದು ಕೊಡುತ್ತಾ, "ಏನೈತ್ರಿ ಸಾಹೇಬ್ರ ಇದರಾಗ? ಐಸ್‌ಕ್ರೀಮ?" ಎಂದನಂತೆ. "ಇಲ್ಲಪಾ, ನಮ್ಮ ಹುಡುಗನ ರಕ್ತಕ್ಕ ಹೆಪ್ಪು ಐತಿ" ಎಂದರಂತೆ ಕಾಕಾ. ಡ್ರೈವರಿಗೆ ಏನು ತಿಳಿಯಿತೋ, ಎರಡೂ ಕೈಯಿಂದ ಹಿಡಿದು ಕೊಟ್ಟನಂತೆ.

ಈ ಸಲ ಎಡಗಡೆಯ ಮೊಣಕಾಲು. ಎಲ್ಲಿಯೂ ಪೆಟ್ಟು ಮಾಡಿಕೊಂಡಿರಲಿಲ್ಲ. ಬೆಳಿಗ್ಗೆ ಎದ್ದಾಗ ಒಳಗೆ ಬೆಚ್ಚಗೆ ಏನೋ ಹರಿದಂತೆ ಆಯಿತು. ಆಗಲೇ ಗೊತ್ತಾಯಿತು. ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಕುಂಬಳಕಾಯಿಯಾಗಿತ್ತು. ಕಂಪೌಂಡರ್ ಮನೆಗೇ ಬಂದು ಸೂಜಿ ಹಾಕಿದರು. ಸಂಜೆ ನೋವು ಇಳಿಯಿತು, ಮರುದಿನ ಕಾಲು ಮಡಚಲು ಬಂತು. ಅದರ ಮರುದಿನ ಮತ್ತೆ ಊತ ಶುರುವಾಯಿತು. ಲೆಕ್ಕ ಹಾಕಿ ನೋಡಿದೆ ಅಕ್ಕಾ. ನಿನ್ನ ಔಷಧ ಬಸ್ಸಿನಲ್ಲಿ ಇರುವಷ್ಟು ಹೊತ್ತೇ ಹೆಚ್ಚುಕಡಿಮೆ ನನ್ನ ಮೈಯಲ್ಲಿಯೂ ಇರುತ್ತದೆ.

ಈಗ ಕಾಕಾ ಅವರ ಅಂಗಡಿಗೆ ಹೋಗುತ್ತಿದ್ದೇನೆ. ರೇಡಿಯೋ ರಿಪೇರಿ ಕಲಿತದ್ದು ಒಳ್ಳೆಯದಾಯಿತು, ಸ್ಟೂಲಿನ ಮೇಲೆ ಕುಳಿತರೆ ದಿನ ಕಳೆಯುತ್ತದೆ. ವಾಯರು ಕತ್ತರಿಸುವ ಕೆಲಸ ಮಾತ್ರ ಕಾಕಾ ನನಗೆ ಕೊಡುವುದಿಲ್ಲ. "ಸುಟ್ಟರ ರಕ್ತ ಬರೂದಿಲ್ಲ, ಕೊಯ್ದರ ಬರ್ತೈತಿ. ನೀ ಬೆಸುಗಿ ಹಾಕು, ಕೊಯ್ಯೂದು ನನಗ ಬಿಡು" ಎನ್ನುತ್ತಾರೆ. ಇನ್ನೊಬ್ಬರ ಅಂಗಡಿಯಾಗಿದ್ದರೆ ನನ್ನನ್ನು ಯಾರು ಇಟ್ಟುಕೊಳ್ಳುತ್ತಿದ್ದರು?

ನೀನು ಅಲ್ಲಿ ಏನು ಕೆಲಸ ಮಾಡುತ್ತೀ ಎಂದು ಯಾರಾದರೂ ಕೇಳಿದರೆ ಅವ್ವ, "ನಮ್ಮ ಸುಕನ್ಯಾ ಮೊಲಾ ಸಾಕತಾಳ್ರಿ" ಎನ್ನುತ್ತಾಳೆ. ನನಗಾದರೂ ಸರಿಯಾಗಿ ತಿಳಿಸಿ ಬರೆ. ಅಪ್ಪನಿಗೆ ತಹಶೀಲ್ದಾರ್ ಕಚೇರಿಯಲ್ಲಿ ಕೆಲಸ ಜಾಸ್ತಿ. ಕೊಪ್ಪಳ ಜಿಲ್ಲೆಯಾದ ಮೇಲೆ ಕಡತಗಳೆಲ್ಲ ಅಲ್ಲಿಂದ ಇಲ್ಲಿಗೆ ಓಡಾಡುತ್ತಿವೆಯಂತೆ.

ನಿನ್ನ ತಮ್ಮ
ಗೋವಿಂದ


ಹೈದರಾಬಾದು
2-8-1998

ಪ್ರೀತಿಯ ಗೋವಿಂದು,

ಅವ್ವ ಹೇಳುವುದರಲ್ಲಿ ತಪ್ಪೇನಿಲ್ಲ. ದಿನದ ಅರ್ಧ ನಾನು ಮೊಲಗಳ ಜೊತೆಗೇ ಇರುತ್ತೇನೆ. ಉಳಿದರ್ಧದಲ್ಲಿ ಏನು ಮಾಡುತ್ತೇನೆಂದು ಹೇಳುತ್ತೇನೆ, ಕೇಳು.

ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಒಂದು ನಿನ್ನ ಮೈಯಲ್ಲಿ ತಯಾರಾಗುವುದಿಲ್ಲ. ನಮ್ಮ ಸೋದರಮಾವನ ಮೈಯಲ್ಲಿಯೂ ಆಗುತ್ತಿರಲಿಲ್ಲ. ಹಲ್ಲು ಬಿದ್ದದ್ದೇ ನೆವವಾಗಿ ಅವನು ಹೋದ ಎಂದು ಅವ್ವ ಹೇಳುತ್ತಿದ್ದಳಲ್ಲ. ಆಗ ಈ ಔಷಧವೇ ಇರಲಿಲ್ಲ. ಈಗ ಇದೆ, ಬೇರೆಯವರ ರಕ್ತದಿಂದ ಆ ಪ್ರೋಟೀನನ್ನು ಬೇರ್ಪಡಿಸಿ ಕೊಡುತ್ತಾರೆ. ಆದರೆ ನಿಲ್ಲುವುದಿಲ್ಲ. ಅರ್ಧ ದಿನದಲ್ಲಿ ಅರ್ಧ ಹೋಗುತ್ತದೆ, ಇನ್ನರ್ಧ ದಿನದಲ್ಲಿ ಉಳಿದದ್ದರ ಅರ್ಧ. ಲಿವರು ಅದನ್ನು ಹಿಡಿದು ಒಡೆದುಹಾಕುತ್ತದೆ. ಪ್ರೋಟೀನಿನಿಂದ ಮಾಡಿದ ಔಷಧಗಳೆಲ್ಲದರ ಹಣೆಬರಹವೇ ಇದು. ಮೈ ಅವನ್ನು ಬಹಳ ಹೊತ್ತು ಇಟ್ಟುಕೊಳ್ಳುವುದಿಲ್ಲ.

ನಮ್ಮ ಪ್ರಯೋಗಾಲಯದಲ್ಲಿ ನಾವು ಆ ಪ್ರೋಟೀನಿಗೆ ಉದ್ದುದ್ದನೆಯ ಎಳೆಗಳನ್ನು ಅಂಟಿಸುತ್ತೇವೆ. ಎಳೆಗಳು ನೀರು ಹೀರಿ ಉಬ್ಬಿ ಅದರ ಸುತ್ತ ಹೊದಿಕೆಯ ಹಾಗೆ ನಿಲ್ಲುತ್ತವೆ. ಆಗ ಲಿವರಿಗೆ ಅದು ಬೇಗ ಕೈಗೆ ಸಿಗುವುದಿಲ್ಲ. ತೊಂದರೆಯೇನೆಂದರೆ, ಎಳೆ ಹೆಚ್ಚಾದರೆ ಔಷಧ ಮೈಯಲ್ಲಿ ಉಳಿಯುತ್ತದೆ, ಕೆಲಸ ಮಾಡುವುದಿಲ್ಲ. ಕಂಬಳಿ ಹೊದಿಸಿ ಕೈ ಕಟ್ಟಿ ಕೂರಿಸಿದಂತೆ. ಎಳೆ ಕಡಿಮೆಯಾದರೆ ಕೆಲಸ ಮಾಡುತ್ತದೆ, ಉಳಿಯುವುದಿಲ್ಲ. ಎಷ್ಟು ಎಳೆ, ಎಲ್ಲೆಲ್ಲಿ ಎಂದು ಹುಡುಕುವುದರಲ್ಲೇ ಎರಡು ವರ್ಷ ಕಳೆಯಿತು. ಇದನ್ನು ಸಾಧಿಸಿದರೆ ವಾರಕ್ಕೊಂದು ಸೂಜಿ ಸಾಕು. ಊತ ಬರುವುದಕ್ಕೆ ಮೊದಲೇ ಹಾಕಿಕೊಂಡು ಇರಬಹುದು. ನೀನು ಸೈಕಲ್ ಹೊಡೆಯಬಹುದು ಗೋವಿಂದು.

ಇನ್ನೊಂದು ವಿಷಯ. ಬೇವೂರಿನ ಕಡೆಯಿಂದ ಒಂದು ಸಂಬಂಧ ಬಂದಿದೆ ಎಂದು ಅಪ್ಪ ಬರೆದಿದ್ದರು. ಆ ಸುಭಾಷ್ ಎನ್ನುವವರು ಇಲ್ಲಿಯ ಕಾಲೇಜಿನಲ್ಲೇ ಪಾಠ ಹೇಳುತ್ತಾರೆ. ಹೋದ ಭಾನುವಾರ ಬಂದಿದ್ದರು. ನಮ್ಮ ಮನೆಯ ಸಂಗತಿಯನ್ನು ಎಲ್ಲ ಹೇಳಿದೆ. ಅವ್ವನಿಂದ ಬಂದದ್ದು ನನ್ನಲ್ಲಿಯೂ ಇರಬಹುದು, ನನಗೆ ಅದು ಏನೂ ಮಾಡುವುದಿಲ್ಲ, ನನಗೆ ಹುಟ್ಟುವ ಗಂಡುಮಗುವಿಗೆ ಬರಬಹುದು ಎಂದೂ ಹೇಳಿದೆ. ಅವರು ಇನ್ನೊಂದು ಚಹಾ ತರಿಸಿದರು. "ನೋಡೂಣಂತ" ಎಂದರು. ಒಪ್ಪಿದ್ದಾರೆ.

ಅವ್ವನಿಗೆ ಒಪ್ಪಿಗೆಯ ಮಾತಷ್ಟೇ ಹೇಳು.

ನಿನ್ನ ಅಕ್ಕ
ಸುಕನ್ಯಾ


ಕುಷ್ಟಗಿ
20-12-1998

ಅಕ್ಕಾ,

ನೀನು ಗಂಡನ ಮನೆಯ ಹೊಸ ದಿನಗಳಲ್ಲಿ ಇರುವಾಗ ಇದನ್ನು ಬರೆಯಬಾರದು ಎಂದು ಅವ್ವ ಹೇಳಿದಳು. ಬರೆಯದಿದ್ದರೆ ನೀನು ಬೈಯುತ್ತೀ.

ಬೇವೂರಿನಲ್ಲಿ ನಿನ್ನ ಮದುವೆಯ ದಿನ ನಾನು ಚೆನ್ನಾಗಿಯೇ ಇದ್ದೆ. ಸುಭಾಷ್ ಭಾವ ತಾವೇ ಕುರ್ಚಿ ತಂದು ಹಾಕಿ, "ಇಲ್ಲೇ ಕುಂದ್ರಪಾ, ಎಲ್ಲಾ ಕಾಣ್ತೈತಿ" ಎಂದರು. ಒಳ್ಳೆಯ ಮನುಷ್ಯ. ಬಸ್ಸಿನಲ್ಲಿ ತಿರುಗಿ ಬರುವಾಗ ಯಲಬುರ್ಗಾ ದಾಟಿದ ಮೇಲೆ ತೊಡೆ ಹಿಡಿದುಕೊಂಡಿತು. ಮನೆಯಲ್ಲಿದ್ದ ಔಷಧ ಹಾಕಿಸಿದೆವು. ಏನೂ ಆಗಲಿಲ್ಲ. ನೀನು ಮತ್ತೆ ಕಳಿಸಿದ್ದನ್ನೂ ಹಾಕಿಸಿದೆವು. ನೀರು ಹಾಕಿದಂತೆ ಆಯಿತು. ಊತ ತನ್ನ ಪಾಡಿಗೆ ತಾನು ಏರಿತು, ತನ್ನ ಪಾಡಿಗೆ ತಾನು ಇಳಿಯುತ್ತಿದೆ.

ಕಂಪೌಂಡರ್ ಹೇಳುವುದು, "ದಾರ್ಯಾಗ ಐಸ್ ಕರಗಿ ಔಷಧ ಸತ್ತೈತಿ." ಅದನ್ನು ಕೇಳಿದಂದಿನಿಂದ ಯಮನೂರಸಾಬ ಕಾಕಾ ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ಗಂಗಾವತಿಯಿಂದ ಬರುವಾಗ ತಾವರಗೇರಾದಲ್ಲಿ ಬಸ್ಸು ಪಂಕ್ಚರ್ ಆಗಿ ತಡವಾಯಿತು, ಅದಕ್ಕೇ ಹೀಗಾಯಿತು ಎಂದು ಎಲ್ಲರ ಮುಂದೆಯೂ ಹೇಳಿಕೊಳ್ಳುತ್ತಿದ್ದಾರೆ. ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ.

ಐಸು ಕರಗಿರಲಿಲ್ಲ ಅಕ್ಕಾ. ಥರ್ಮಾಸಿನಲ್ಲಿ ಕೈ ಹಾಕಿ ನಾನೇ ನೋಡಿದ್ದೆ. ಬೆರಳು ಮರಗಟ್ಟುವಷ್ಟು ತಂಪಿತ್ತು. ಹಾಗಾದರೆ ಇದೇನು?

ಗೋವಿಂದ


ಹೈದರಾಬಾದು
21-2-1999

ಪ್ರೀತಿಯ ಗೋವಿಂದು,

ನೀನೂ ಅಪ್ಪನೂ ಊರು ಮುಟ್ಟಿದ ಸುದ್ದಿ ತಿಳಿಯಿತು. ಇಲ್ಲಿಯ ಡಾಕ್ಟರ್ ಪರೀಕ್ಷೆಯ ಫಲವನ್ನು ನಿಮ್ಮ ಮುಂದೆ ಹೇಳಿದಾಗ ಅಪ್ಪ, "ಹಂಗಾರ ಬ್ಯಾರೆ ಔಷಧ ಬರಕೊಡ್ರಿ" ಎಂದರಲ್ಲ, ಆಗಲೇ ನಾನು ಬಿಡಿಸಿ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಬಸ್ ಹತ್ತಿಸುವಾಗಲೂ ಬರಲಿಲ್ಲ. ಕಿಟಕಿಯಲ್ಲಿ ನೀನು ನನ್ನ ಮುಖ ನೋಡುತ್ತಿದ್ದೆ, ನಾನು ಮೋಸಂಬಿ ಮಾರುವವನ ಜೊತೆ ಸುಮ್ಮಸುಮ್ಮನೆ ಚೌಕಾಶಿ ಮಾಡಿದೆ.

ನಡೆದದ್ದು ಇಷ್ಟು. ನಿನ್ನ ಮೈ ಆ ಪ್ರೋಟೀನನ್ನು ಹುಟ್ಟಿನಿಂದ ಕಂಡಿಲ್ಲ. ಇಷ್ಟು ವರ್ಷ ಹೊರಗಿನಿಂದ ಕೊಟ್ಟಾಗ ಸುಮ್ಮನಿತ್ತು. ಈಗ ಅದನ್ನು ಹೊರಗಿನದು ಎಂದು ಗುರುತಿಸಿ, ರೋಗದ ಹುಳುವನ್ನು ಹೊಡೆಯುವ ಹಾಗೆ ಹೊಡೆಯಲು ಕಲಿತಿದೆ. ಔಷಧ ರಕ್ತಕ್ಕೆ ಬಿದ್ದ ಕೂಡಲೇ ಸುತ್ತುವರಿದು ಹಿಡಿಯುತ್ತದೆ. ಈ ರೋಗವಿದ್ದವರಲ್ಲಿ ಕೆಲವರಿಗೆ ಹೀಗಾಗುತ್ತದೆ. ಯಾರ ತಪ್ಪೂ ಅಲ್ಲ. ಕಾಕಾ ಅವರಿಗೆ ಇದನ್ನು ಖಂಡಿತ ಓದಿ ಹೇಳು.

ಮೈಯ ಈ ಕಾವಲನ್ನು ತಪ್ಪಿಸಿಕೊಂಡು ಹೋಗಿ ಕೆಲಸ ಮಾಡುವ ಔಷಧಗಳು ಹೊರದೇಶದಲ್ಲಿವೆ. ಇಲ್ಲಿ ನಮ್ಮಂಥವರ ಕೈಗೆ ಸಿಗುವಂತಿಲ್ಲ. ರೋಗಿಗಳ ಸಂಘದವರನ್ನು ಕೇಳಿದೆ, ದೊಡ್ಡ ಡಾಕ್ಟರುಗಳನ್ನು ಕೇಳಿದೆ, ನಮ್ಮ ಪ್ರಯೋಗಾಲಯದ ಮುಖ್ಯಸ್ಥರಿಂದ ಎರಡು ಕಡೆಗೆ ಬರೆಸಿದೆ. ಉತ್ತರ ಬರಬಹುದು. ಅಲ್ಲಿಯವರೆಗೆ ಊತ ಬಂದರೆ ಐಸು, ಬಿಗಿಯಾದ ಪಟ್ಟಿ, ಅಲುಗಾಡದೆ ಮಲಗುವುದು. ನಮ್ಮ ಅಜ್ಜಿ ಮಾವನಿಗೆ ಮಾಡುತ್ತಿದ್ದುದೂ ಇಷ್ಟೇ.

ಇಷ್ಟು ಓದಿಕೊಂಡು ಇಲ್ಲಿ ಕುಳಿತು ನಿನಗೆ ಇದನ್ನು ಬರೆಯುತ್ತಿದ್ದೇನೆ.

ಸುಕನ್ಯಾ


ಕುಷ್ಟಗಿ
15-3-1999

ಅಕ್ಕನಿಗೆ,

ಕಾಕಾ ಅವರಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು. ಆಮೇಲೆ, "ಹಂಗಾರ ನಿನ್ನ ಮೈಗೆ ಮನಿಯವರ‍್ಯಾರು ಕಳ್ಳರ‍್ಯಾರು ತಿಳೀವಲ್ದು" ಎಂದರು. ಆ ದಿನ ಊಟ ಮಾಡಿದರು ಎಂದು ಫಾತಿಮಾಬೀ ಕಾಕಿ ಹೇಳಿ ಕಳಿಸಿದರು. ಅಷ್ಟಾದರೂ ಆಯಿತು.

ನೀನು ಬಸ್ ಸ್ಟ್ಯಾಂಡಿನಲ್ಲಿ ಹೇಳದೇ ಇದ್ದುದೇ ಒಳ್ಳೆಯದಾಯಿತು. ದಾರಿಯುದ್ದಕ್ಕೂ ಅಪ್ಪ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಮಾಡಿದರು. ತಿಳಿದಿದ್ದರೆ ಮಾಡುತ್ತಿರಲಿಲ್ಲ.

ಒಂದು ಮಾತು ಕೇಳುತ್ತೇನೆ. ತಪ್ಪಾಗಿದ್ದರೆ ನಗು. ನಿಮ್ಮ ಎಳೆ ಅಂಟಿಸಿದ ಔಷಧ ಹೊದಿಕೆ ಹೊದ್ದುಕೊಂಡಿರುತ್ತದೆ ಎಂದು ಬರೆದಿದ್ದೆಯಲ್ಲ. ಲಿವರಿಗೆ ಗುರುತು ಸಿಗದಂತೆ ಇರುವುದು, ನನ್ನ ಮೈಯ ಕಾವಲಿನವರಿಗೂ ಗುರುತು ಸಿಗದಂತೆ ಇರಬಹುದಲ್ಲವೇ? ಸಂಶೋಧನೆ ಮಾಡುವವಳು ನೀನು, ನಾನಲ್ಲ. ಆದರೆ ಸ್ಟೂಲಿನ ಮೇಲೆ ಕುಳಿತಾಗ ಇಂಥವೇ ತಲೆಗೆ ಬರುತ್ತವೆ.

ಅವ್ವ ನಿನಗೆ ಪಾಯಸಕ್ಕೆ ಗೋದಿಹಿಟ್ಟಿನ ಸೌತೆಬೀಜ ಹೊಸೆದು ಕಳಿಸಬೇಕೆಂದಿದ್ದಾಳೆ. ಥರ್ಮಾಸು ಖಾಲಿ ಇದೆ, ಅದರಲ್ಲೇ ಹಾಕಿ ಕಳಿಸಲೇ ಎಂದು ಕೇಳಿದಳು. ಬೇಡ ಎಂದೆ.

ಗೋವಿಂದ


ಹೈದರಾಬಾದು
9-8-1999

ಪ್ರೀತಿಯ ಗೋವಿಂದು,

ಇಷ್ಟು ತಿಂಗಳು ಉತ್ತರ ಬರೆಯಲಿಲ್ಲ. ನೀನು ಕೇಳಿದ್ದಕ್ಕೆ ನಾನು ನಗಲೂ ಇಲ್ಲ. ನನಗೂ ಅದೇ ಆಸೆ ಹುಟ್ಟಿತ್ತು. ನಿನ್ನ ಪತ್ರ ಬರುವುದಕ್ಕೆ ಮೊದಲೇ ಹುಟ್ಟಿತ್ತು. ಮುಖ್ಯಸ್ಥರು, "ಸ್ವಲ್ಪ ಮರೆಯಾಗಬಹುದು, ಆಶೆ ಇಟ್ಟುಕೊಳ್ಳಬೇಡ" ಎಂದರು.

ಮೊದಲು ಒಳ್ಳೆಯ ಸುದ್ದಿ. ಎಳೆ ಅಂಟಿಸುವ ಜಾಗ ಸಿಕ್ಕಿತು. ಮೊಲಗಳಲ್ಲಿ ನಮ್ಮ ಔಷಧ ಮೊದಲಿಗಿಂತ ಮೂರು ಪಟ್ಟು ಹೊತ್ತು ಉಳಿಯಿತು, ಕೆಲಸವನ್ನೂ ಮಾಡಿತು. ಮೂರು ಸಲ ಮಾಡಿ ನೋಡಿದೆವು, ಮೂರು ಸಲವೂ ಹಾಗೆಯೇ ಬಂತು. ಮುಖ್ಯಸ್ಥರು ಎಲ್ಲರಿಗೂ ಪೇಡೆ ಹಂಚಿದರು. ಬೇರೆ ಊರುಗಳಿಂದ ಫೋನು ಬಂದವು.

ಅವರೆಲ್ಲ ಪೇಡೆ ತಿನ್ನುವಾಗ ನಾನು ಒಳಗೆ ಹೋದೆ. ನೀನು ಬಂದಾಗ ತೆಗೆದ ರಕ್ತದ ತಿಳಿನೀರು ಫ್ರೀಜರಿನಲ್ಲಿತ್ತು. ಅದನ್ನು ಎರಡು ಗಾಜಿನ ನಳಿಕೆಗಳಿಗೆ ಹಾಕಿದೆ. ಒಂದಕ್ಕೆ ಸಾದಾ ಔಷಧ, ಇನ್ನೊಂದಕ್ಕೆ ನಮ್ಮ ಎಳೆ ಅಂಟಿಸಿದ್ದು. ಮೈಯ ಬಿಸಿಯಲ್ಲೇ ಇಟ್ಟು ಕಾದೆ. ಸಾದಾ ಔಷಧ ಹೋಗಿತ್ತು. ನಮ್ಮದು ಅದಕ್ಕಿಂತ ಸ್ವಲ್ಪ ತಡವಾಗಿ ಹೋಯಿತು. ಅಷ್ಟೇ ವ್ಯತ್ಯಾಸ. ಮತ್ತೆ ಮಾಡಿದೆ. ಇದ್ದ ತಿಳಿನೀರು ಮುಗಿಯುವವರೆಗೂ ಮಾಡಿದೆ.

ಇದನ್ನು ಕಲಿಯಲು ಬಂದದ್ದು ನಿನಗಾಗಿ. ಈಗ ಇದು ಲೋಕದಲ್ಲಿ ಯಾರ‍್ಯಾರಿಗೋ ಆಗಬಹುದು.

ಹೊರದೇಶದಿಂದ ಒಂದೇ ಉತ್ತರ ಬಂತು. ಪತ್ರ ತಲುಪಿದೆ ಎಂದು ಬರೆದಿದ್ದಾರೆ.

ಸುಕನ್ಯಾ


ಕುಷ್ಟಗಿ
18-9-1999

ಅಕ್ಕಾ,

ತಡವಾಯಿತು. ಶ್ರಾವಣ ಪೂರ್ತಿ ಮಲಗಿದ್ದೆ. ಮತ್ತೆ ತೊಡೆ.

ನಿಮ್ಮ ಮೊಲಗಳಿಗೆ ನನ್ನ ಅಭಿನಂದನೆ ತಿಳಿಸು. ಹೈದರಾಬಾದಿನ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದಲ್ಲಿ ಸಿಂಧನೂರಿನ ಹುಡುಗನೊಬ್ಬ ಇದ್ದನಲ್ಲ, ಅವನ ಮೈ ಇನ್ನೂ ಔಷಧದ ಮೇಲೆ ತಿರುಗಿ ಬಿದ್ದಿಲ್ಲ. ಅವನಿಗಾದರೂ ಬೇಗ ತಯಾರು ಮಾಡಿರಿ. ಪೇಡೆ ತಿನ್ನದೇ ಬಿಡಬೇಡ. ನಾನಾಗಿದ್ದರೆ ತಿನ್ನುತ್ತಿದ್ದೆ.

ಗೋವಿಂದ


ಹೈದರಾಬಾದು
4-1-2000

ಪ್ರೀತಿಯ ಗೋವಿಂದು,

ಎಲ್ಲರೂ ಹೊಸ ಸಾವಿರ ವರ್ಷ ಬಂತು ಎನ್ನುತ್ತಿದ್ದಾರೆ. ಇಲ್ಲಿ ಪಟಾಕಿಯ ಹೊಗೆ ಇನ್ನೂ ಆರಿಲ್ಲ. ಇವರಿಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ. ನಾನು ಆರೋಗ್ಯ. ಅವ್ವನ ಸೌತೆಬೀಜ ಮುಗಿಯುತ್ತಾ ಬಂತು. ನಿನ್ನ ತೊಡೆ ಈಗ ಹೇಗಿದೆ? ಅಪ್ಪನ ಕೆಮ್ಮು ನಿಂತಿತೇ?

ನಿನ್ನಿಂದ ಒಂದು ಕೆಲಸ ಆಗಬೇಕು. ಒಂದು ಪರೀಕ್ಷೆಗೆ ನಿನ್ನ ರಕ್ತವೂ ಅವ್ವನ ರಕ್ತವೂ ಬೇಕಾಗಿದೆ. ಹೋದ ವರ್ಷ ತೆಗೆದದ್ದರಲ್ಲಿ ತಿಳಿನೀರು ಮಾತ್ರ ಇಟ್ಟಿದ್ದೆ, ಅದೂ ಮುಗಿಯಿತು. ಇದಕ್ಕೆ ಪೂರ್ತಿ ರಕ್ತವೇ ಬೇಕು. ಸ್ವಲ್ಪವೇ ಸಾಕು. ನಳಿಕೆಗಳನ್ನು ಥರ್ಮಾಸಿನಲ್ಲಿಟ್ಟು ಕಳಿಸಿದ್ದೇನೆ, ಐಸು ಹಾಕಿ ಅದೇ ಬಸ್ಸಿನಲ್ಲಿ ತಿರುಗಿ ಕಳಿಸಬೇಕು. ತೆಗೆದ ಮೇಲೆ ಬಹಳ ಹೊತ್ತು ಒತ್ತಿ ಹಿಡಿಯಲು ಕಂಪೌಂಡರರಿಗೆ ಹೇಳು.

ಈ ತಿಂಗಳೊಳಗೆ ಸಿಗಬೇಕು. ತಡವಾದರೆ ಉಪಯೋಗವಿಲ್ಲ.

ನಿನಗೆ ಆಗದಿದ್ದರೆ ಬೇಡ. ನಿಜವಾಗಿಯೂ ಬೇಡ.

ಸುಕನ್ಯಾ


ಕುಷ್ಟಗಿ
13-1-2000

ಅಕ್ಕನಿಗೆ,

ಈ ಕಾಗದ ಥರ್ಮಾಸಿನ ಜೊತೆಗೇ ಬರುತ್ತದೆ. ಒಂದು ನಳಿಕೆಯ ಮೇಲೆ ನನ್ನ ಹೆಸರು, ಇನ್ನೊಂದರ ಮೇಲೆ ಅವ್ವನ ಹೆಸರು ಬರೆದಿದ್ದೇನೆ. ಎಡಗೈಯ ನರಗಳೆಲ್ಲ ಸೂಜಿ ತಿಂದು ಗಟ್ಟಿಯಾಗಿವೆ, ಅದಕ್ಕೆ ಬಲಗೈಯಲ್ಲಿ ತೆಗೆದರು. ಅಲ್ಲಿಯೂ ಬೇಗ ಸಿಗಲಿಲ್ಲ, ಎರಡು ಮೂರು ಕಡೆ ಚುಚ್ಚಬೇಕಾಯಿತು. ಬಟ್ಟೆ ಬಿಗಿದು ಕಟ್ಟಿದ್ದಾರೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಕಂಪೌಂಡರ್ ಅವ್ವನನ್ನು, "ಯವ್ವಾ, ನಿನಗೇನಾಗೈತಿ?" ಎಂದು ಕೇಳಿದರು. ಅವ್ವ ಸೆರಗು ಸರಿಸಿ ಕೈ ಚಾಚಿದಳು. "ನನಗೇನಾಗಿಲ್ಲಪಾ. ಇವಗ ಆದದ್ದು ನನ್ನಿಂದ ಆದದ್ದಂತ. ತಗೋ" ಎಂದಳು. ಪರೀಕ್ಷೆ ಯಾಕೆ ಎಂದು ನನ್ನನ್ನೂ ಕೇಳಲಿಲ್ಲ.

ನೀನೂ ಬರೆದಿಲ್ಲ. ಬರೆಯದೇ ಇದ್ದುದರಿಂದಲೇ ನನಗೆ ತಿಳಿಯಿತು. ನಿನಗೆ ಎರಡು ತಿಂಗಳೋ ಮೂರು ತಿಂಗಳೋ ಆಗಿರಬೇಕು. ಬರುವ ಮಗು ಗಂಡಾದರೆ ನನ್ನಂತೆ ಇರುತ್ತದೆಯೇ ಎಂದು ನೋಡಲು ನನ್ನ ರಕ್ತ ಬೇಕು. ಹೌದಲ್ಲ?

ನೀನು ನನ್ನನ್ನು ಏನೂ ಕೇಳಿಲ್ಲ. ಆದರೂ ಹೇಳುತ್ತೇನೆ. ಮೊನ್ನೆ ಹನುಮಸಾಗರದಿಂದ ಒಬ್ಬ ಮುದುಕ ರೇಡಿಯೋ ತಂದಿದ್ದ. ಅವನ ಹೆಂಡತಿ ಸತ್ತ ವರ್ಷದಿಂದ ಅದು ಮಾತಾಡಿರಲಿಲ್ಲವಂತೆ. ಮಧ್ಯಾಹ್ನದ ಹೊತ್ತಿಗೆ ಧಾರವಾಡ ಹಿಡಿಯಿತು. ಮುದುಕ ಅಂಗಡಿಯ ಕಟ್ಟೆಯ ಮೇಲೆ ಕುಳಿತವನು ಬಿತ್ತನೆಯ ಮಾತು, ಪೇಟೆಯ ಧಾರಣೆ, ಎಲ್ಲ ಕೇಳಿ ಮುಗಿಯುವ ತನಕ ಏಳಲಿಲ್ಲ. ಆಗ ಯಾರಾದರೂ ನನ್ನನ್ನು ಕೇಳಿದ್ದರೆ, ಬರಲಿ, ನನ್ನಂಥವನು ಇನ್ನೊಬ್ಬ ಬರಲಿ ಎನ್ನುತ್ತಿದ್ದೆ. ಶ್ರಾವಣದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಗ ಕೇಳಿದ್ದರೆ, ಬೇಡ, ಯಾರಿಗೂ ಬೇಡ ಎನ್ನುತ್ತಿದ್ದೆ. ಎರಡೂ ನನ್ನ ಮಾತೇ. ಯಾವುದನ್ನು ಹಿಡಿಯಬೇಕೋ ನನಗೆ ತಿಳಿಯದು.

ನೀನು ಏನು ಮಾಡಿದರೂ ಅದು ನನ್ನ ಮೇಲಿನ ತೀರ್ಪು ಎಂದು ನಾನು ತಿಳಿಯುವುದಿಲ್ಲ. ತಿಳಿಯದಿರಲು ಪ್ರಯತ್ನ ಮಾಡುತ್ತೇನೆ.

ಅವ್ವನನ್ನು ಮಾತ್ರ ಕೇಳಬೇಡ. ಅವಳು ಹೌದು ಎಂದರೂ ಅಲ್ಲ ಎಂದರೂ ನನ್ನ ವಿಷಯವೇ ಹೇಳಿದಂತಾಗುತ್ತದೆ.

ನಿನ್ನ ತಮ್ಮ
ಗೋವಿಂದ


ಹೈದರಾಬಾದು
26-2-2000

ಪ್ರೀತಿಯ ಗೋವಿಂದು,

ಮೂರು ಪತ್ರ ಬರೆದೆ, ಒಂದಕ್ಕೂ ಉತ್ತರವಿಲ್ಲ. ಸಿಟ್ಟಾಗಿದ್ದೀಯ? ಆಗಿದ್ದರೆ ಬೈದಾದರೂ ಬರೆ.

ಪರೀಕ್ಷೆಯ ಫಲ ಬಂತು. ನಿನಗೇ ಮೊದಲು ಹೇಳಬೇಕು. ಮಗು ಗಂಡು. ಅವ್ವನಿಂದ ಒಂದು, ಅಪ್ಪನಿಂದ ಒಂದು ಎಂದು ನನಗೆ ಬಂದ ಎರಡು ವರ್ಣತಂತುಗಳಲ್ಲಿ ಯಾವುದು ಅದಕ್ಕೆ ಹೋಗಿದೆ ಎಂದು ನಿನ್ನ ರಕ್ತದ ಜೊತೆ, ಅವ್ವನ ರಕ್ತದ ಜೊತೆ ಹೋಲಿಸಿ ನೋಡುತ್ತಾರೆ. ಕೆಲವು ಮನೆತನಗಳಲ್ಲಿ ಗುರುತು ಸ್ಪಷ್ಟವಾಗಿ ಬೇರೆ ಬೇರೆ ಇರುತ್ತದೆ, ಹೇಳಲು ಬರುತ್ತದೆ. ನಮ್ಮಲ್ಲಿ ಎರಡರ ಗುರುತೂ ಒಂದೇ ಥರ ಇದೆಯಂತೆ. ಬೇರೆ ಗುರುತುಗಳಿಂದಲೂ ನೋಡಿದರು. ಆಗಲಿಲ್ಲ. "ಹೇಳಲು ಬರುವುದಿಲ್ಲ" ಎಂದು ಬರೆದುಕೊಟ್ಟಿದ್ದಾರೆ.

ಹೌದು ಎಂದಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ. ಅಲ್ಲ ಎಂದಿದ್ದರೆ ಗೊತ್ತಿತ್ತು. ಇದು ಎರಡೂ ಅಲ್ಲ. ಇವರು, "ನೀ ಹೆಂಗಂತೀ ಹಂಗ" ಎನ್ನುತ್ತಾರೆ. ಅದಕ್ಕೆ ನನಗೆ ಸಿಟ್ಟು ಬರುತ್ತದೆ. ಬೇರೆ ಏನು ಹೇಳಿದ್ದರೂ ಬರುತ್ತಿತ್ತು. ಆಸ್ಪತ್ರೆಯವರು ಕೊಟ್ಟಿದ್ದ ಗಡುವು ಮುಗಿಯಿತು. ನಾನು ಹೋಗಲಿಲ್ಲ. ಇಟ್ಟುಕೊಳ್ಳುತ್ತೇನೆಂದು ನಿಶ್ಚಯ ಮಾಡಿದೆನೋ, ಮಾಡದೇ ದಿನ ಕಳೆದೆನೋ, ಹೇಳಲಾರೆ.

ಉತ್ತರ ಬರೆ.

ಸುಕನ್ಯಾ


ಕುಷ್ಟಗಿ
12-3-2000

ಮಗಳು ಸುಕನ್ಯಾಳಿಗೆ ಯಮನೂರಸಾಬನ ದುವಾ.

ಗೋವಿಂದ ಬರೆಯಬೇಡಿರಿ ಎಂದಿದ್ದಾನೆ. ಅವನಿಗೆ ಹೇಳದೆ ಬರೆಯುತ್ತಿದ್ದೇನೆ. ಬರೆಯದಿದ್ದರೆ ಊಟ ಹಾಕುವುದಿಲ್ಲ ಎಂದು ನಮ್ಮ ಮನೆಯಾಕೆ ಹಟ ಹಿಡಿದಿದ್ದಾಳೆ.

ಅವನು ನಿನ್ನ ಮೇಲೆ ಸಿಟ್ಟಾಗಿಲ್ಲ. ಅವನ ಬಲಗೈ ಹೋಗಿದೆ. ಜನವರಿಯಲ್ಲಿ ರಕ್ತ ತೆಗೆದ ದಿನ ಥರ್ಮಾಸು ತೆಗೆದುಕೊಂಡು ನಾನು ಗಂಗಾವತಿಗೆ ಹೋದೆ. ಮರುದಿನ ತಿರುಗಿ ಬರುವಷ್ಟರಲ್ಲಿ ಮೊಣಕೈಯಿಂದ ಅಂಗೈವರೆಗೆ ಊದಿ ಕಲ್ಲಾಗಿತ್ತು. ಬೆರಳು ಬಿಳಿಚಿದ್ದವು. ಅವನೂ ನಿಮ್ಮಪ್ಪನೂ ನಾನೂ ಜೀಪು ಮಾಡಿಕೊಂಡು ಕೊಪ್ಪಳಕ್ಕೆ ಹೋದೆವು. ಡಾಕ್ಟರ್ ಒಳ್ಳೆಯವರು. ಒಳಗೆ ರಕ್ತ ತುಂಬಿ ನರ ಒತ್ತುತ್ತಿದೆ, ಕೊಯ್ದು ಹೊರಗೆ ಬಿಡಬೇಕು, ಕೊಯ್ದರೆ ಇವನಿಗೆ ನಿಲ್ಲುವುದಿಲ್ಲ ಎಂದರು.

"ಹಂಗಾರ ಏನ್ ಮಾಡೂದ್ರಿ?" ಎಂದು ನಿಮ್ಮಪ್ಪ ಕೇಳಿದರು.

"ನೋಡೂಣ್ರಿ" ಎಂದರು ಡಾಕ್ಟರ್.

ನೋಡುತ್ತಾ ಕುಳಿತೆವು, ತಾಯಿ. ಬೆಳತನಕ ಮೂವರೂ ಅವನ ಕೈಯನ್ನೇ ನೋಡುತ್ತಾ ಕುಳಿತೆವು. ಹುಡುಗ ಒಮ್ಮೆಯೂ ಚೀರಲಿಲ್ಲ. ಅವ್ವನಿಗೆ ಹೇಳಿ ಕಳಿಸಿರಿ, ಅಕ್ಕನಿಗೆ ಬೇಡ ಎಂದಷ್ಟೇ ಹೇಳಿದ.

ಈಗ ಊತ ಇಳಿದಿದೆ. ಬೆರಳು ಒಳಗೆ ಮಡಚಿಕೊಂಡು ಹಾಗೆಯೇ ನಿಂತಿವೆ, ಬಿಚ್ಚುವುದಿಲ್ಲ. ಬೆಸುಗೆ ಕಡ್ಡಿ ಹಿಡಿಯಲು ಬರುವುದಿಲ್ಲ. ದಿನಾ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತು ನನಗೆ ಹೇಳುತ್ತಾನೆ, ಆ ವಾಯರು ಇಲ್ಲಿ, ಈ ವಾಯರು ಅಲ್ಲಿ ಎಂದು. ನನಗೆ ಕಣ್ಣು ಸಾಲದು. ಅರ್ಧ ಸೆಟ್ಟು ಹಾಗೆಯೇ ತಿರುಗಿ ಹೋಗುತ್ತವೆ.

ನಿನ್ನ ಹೊಟ್ಟೆಯಲ್ಲಿ ಕೂಸು ಇದೆಯೆಂದು ಹೇಳಿದ. ಅಲ್ಲಾಹು ಕಾಯಲಿ. ಓಡಿ ಬರಬೇಡ. ಬಂದರೂ ಮಾಡುವುದೇನೂ ಉಳಿದಿಲ್ಲ.

ಯಮನೂರಸಾಬ


ಹೈದರಾಬಾದು
24-8-2000

ಪ್ರೀತಿಯ ಗೋವಿಂದು,

ಏಪ್ರಿಲ್‌ನಲ್ಲಿ ನಾನು ಬಂದಾಗ ನಾವಿಬ್ಬರೂ ಒಂದು ವಾರ ಒಂದೇ ಪಡಸಾಲೆಯಲ್ಲಿ ಇದ್ದೆವು. ನೀನು ಕೈಯನ್ನು ಟವೆಲ್ಲಿನ ಕೆಳಗೆ ಇಟ್ಟುಕೊಂಡೇ ಇದ್ದೆ. ನಾನು ಹೊಟ್ಟೆಯ ಮೇಲೆ ಸೆರಗು ಹೊದ್ದುಕೊಂಡೇ ಇದ್ದೆ. ಮಾತಾಡಿದ್ದು ಬಿಸಿಲಿನ ವಿಷಯ, ನಲ್ಲಿಯ ನೀರಿನ ವಿಷಯ. ಅವ್ವ ಇಬ್ಬರಿಗೂ ಒಂದೇ ಗಂಗಾಳದಲ್ಲಿ ರೊಟ್ಟಿ ಮುರಿದು ಹಾಕಿ, ಹಾಲು ಹಾಕಿ, ನಿನಗೆ ಚಮಚ ತಂದುಕೊಟ್ಟಳು. ನಾನು ಎದ್ದು ಹೊರಗೆ ಹೋದೆ. ಯಾಕೆ ಹೋದೆ ಎಂದು ನೀನು ಕೇಳಲಿಲ್ಲ.

ಮಗು ಹುಟ್ಟಿ ಇಂದಿಗೆ ಆರನೆಯ ದಿನ. ಹೊಕ್ಕುಳ ಬಳ್ಳಿಯ ರಕ್ತವನ್ನು ಅಂದೇ ಪರೀಕ್ಷೆಗೆ ಕೊಟ್ಟಿದ್ದೆವು.

ಅವನೂ ನಿನ್ನಂತೆಯೇ.

ಇವರಿಗೆ ಇನ್ನೂ ಹೇಳಿಲ್ಲ. ಅವ್ವನಿಗೆ ಹೇಳುವುದು ಹೇಗೋ ತಿಳಿಯದು. ಚೀಟಿ ದಿಂಬಿನ ಕೆಳಗಿದೆ.

ಸಾದಾ ಔಷಧ ಅವನಿಗೆ ಸದ್ಯಕ್ಕೆ ಕೆಲಸ ಮಾಡುತ್ತದೆ. ನಮ್ಮದು ಮೊಲಗಳಿಂದ ಮನುಷ್ಯರವರೆಗೆ ಬರಲು ಹತ್ತೋ ಹದಿನೈದೋ ವರ್ಷ ಬೇಕು ಎನ್ನುತ್ತಾರೆ ಮುಖ್ಯಸ್ಥರು. ಹೊರದೇಶದಲ್ಲಿಯೂ ಇದನ್ನೇ ಮಾಡುತ್ತಿದ್ದಾರೆ, ಅವರದು ಮೊದಲು ಬರಬಹುದು. ಯಾರದಾದರೂ ಬರಲಿ. ಆದರೆ ಅಷ್ಟರೊಳಗೆ ಇವನ ಮೈಯೂ ನಿನ್ನ ಮೈಯಂತೆ ಔಷಧದ ಮೇಲೆ ತಿರುಗಿ ಬಿದ್ದರೆ? ಮೊದಲನೆಯ ಸೂಜಿಗೇ ಬೀಳುತ್ತದೋ ಐವತ್ತನೆಯದಕ್ಕೋ ಯಾರಿಗೆ ಗೊತ್ತು? ಕೊಡದೇ ಇರುವಂತಿಲ್ಲ, ಕೊಟ್ಟರೆ ಹೆದರಿಕೆ.

ನರ್ಸು ಸ್ನಾನ ಮಾಡಿಸುವಾಗ ಹಿಡಿದ ಕಡೆ, ಅವನ ಎರಡೂ ಕಂಕುಳ ಕೆಳಗೆ ಅವಳ ಬೆರಳುಗಳು ನೀಲಿಯಾಗಿ ಮೂಡಿವೆ. ನೋಡಿದಂದಿನಿಂದ ಅವನನ್ನು ಎತ್ತಿಕೊಳ್ಳಲು ನನ್ನ ಕೈ ಏಳುತ್ತಿಲ್ಲ. ಮಂಚದ ಮೇಲೆ ಮಲಗಿಸಿ ನಾನೇ ಬಗ್ಗಿ ಹಾಲು ಕುಡಿಸುತ್ತೇನೆ. ಅತ್ತರೆ ಪಕ್ಕದಲ್ಲಿ ಕುಳಿತು ಬಟ್ಟೆ ಸರಿಮಾಡುತ್ತೇನೆ. ಬೇರೆ ಯಾರೂ ಮುಟ್ಟದಂತೆ ನೋಡಿಕೊಳ್ಳುತ್ತೇನೆ.

ನನಗೆ ಏನು ಮಾಡಬೇಕೆಂದು ತಿಳಿಯುತ್ತಿಲ್ಲ ಗೋವಿಂದು.

ಸುಕನ್ಯಾ


ಕುಷ್ಟಗಿ
2-9-2000

ಅಕ್ಕಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಹೆಚ್ಚು ಬರೆಯಲು ಆಗುವುದಿಲ್ಲ.

ನಾನು ಸಣ್ಣವನಿದ್ದಾಗ ಅವ್ವ ನನ್ನನ್ನು ಎತ್ತಿಕೊಳ್ಳುತ್ತಿರಲಿಲ್ಲ. ಕೌದಿಯ ಮೇಲೆ ಮಲಗಿಸಿ ಪಕ್ಕದಲ್ಲಿ ಕುಳಿತಿರುತ್ತಿದ್ದಳು. ಬೇರೆ ಮಕ್ಕಳು ತಾಯಂದಿರ ಸೊಂಟದ ಮೇಲೆ ಕುಳಿತು ಹೋಗುವುದನ್ನು ಬಾಗಿಲಿನಿಂದ ನೋಡುತ್ತಿದ್ದೆ. ಹಾಗೆ ಕಾದರೂ ರಕ್ತ ಬರುವುದು ಬಂತು.

ನೀಲಿ ಕಲೆ ಎರಡು ವಾರದಲ್ಲಿ ಹೋಗುತ್ತದೆ.

ಅವನನ್ನು ಎತ್ತಿಕೋ.

ಗೋವಿಂದ